ಆದೇಶ: ಒಂದರ ಸ್ಥಾನದಲ್ಲಿ ಇನ್ನೊಂದು



ಕಳೆದ ಮಳೆಗಾಲದಲ್ಲಿ ಒಂದು ದಿನ ನಮ್ಮ ಗಣಿತದ ಶಿಕ್ಷಕರು ರಜೆಯ ಮೇಲಿದ್ದರು. ಅವರ ತಾಸನ್ನು ನಡೆಸಲು ಮುಖ್ಯಾಧ್ಯಾಪಕರು ನನ್ನನ್ನು ಒಂಬತ್ತನೆಯ ವರ್ಗಕ್ಕೆ ಕಳಿಸಿದರು. ನಾನು ಕಲಿಸುವದು ಕನ್ನಡ. ಒಳಗೆ ಕಾಲಿಟ್ಟಾಗ ಹಲಗೆಯ ಮೇಲೆ ಹಿಂದಿನ ದಿನದ ಬರಹ ಹಾಗೆಯೇ ಉಳಿದಿತ್ತು: "ಆದೇಶ ವಿಧಾನ". ಅದರ ಕೆಳಗೆ ಎರಡು ಸಮೀಕರಣಗಳು. ಯೋಗಾಯೋಗವೆಂದರೆ ಅದೇ ವಾರ ನಾನು ಆ ವರ್ಗಕ್ಕೆ ಆದೇಶ ಸಂಧಿಯನ್ನು ಹೇಳಿಕೊಟ್ಟಿದ್ದೆ.

ಹಿಂದಿನ ಬಾಕಿನ ಹುಡುಗನೊಬ್ಬ ಎದ್ದುನಿಂತು ಕೇಳಿದ: "ಸರ್, ಗಣಿತದ ಸರ್ ಬದಲಿ ನೀವು ಬಂದೀರಿ. ಅಂದ್ರ ಇವತ್ತ ನೀವು ಆದೇಶ ಆದ್ರಿ, ಹೌದಲ್ರೀ?"

ವರ್ಗವೆಲ್ಲ ನಕ್ಕಿತು, ನಾನೂ ನಕ್ಕೆ. ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ನಗದೆ ಕೇಳಿದಳು: "ಆದೇಶ ಅಂದ್ರ ವೈರಿ ಇದ್ದಂಗ, ಮೊದಲಿನ ಅಕ್ಷರಾನ ಓಡಿಸಿಬಿಡತೈತಿ ಅಂತ ನೀವ ಹೇಳಿದ್ರಿ. ಹಂಗಾದ್ರ ಗಣಿತದ ಸರ್ ನಾಳೆ ಬರೂದಿಲ್ಲೇನ್ರಿ?"

ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ನನಗೆ ಆಗಲಿಲ್ಲ. ವ್ಯಾಕರಣದ ಆದೇಶ, ಗಣಿತದ ಆದೇಶ, ದಿನನಿತ್ಯದ ಬದಲಿ ಇವೆಲ್ಲ ಒಂದೆಯೋ ಬೇರೆಯೋ? ಬದಲಿಗೆ ಬಂದದ್ದು ಮೊದಲಿನದಕ್ಕೆ ಎಷ್ಟು ಸಮ? ಆ ದಿನ ಅರ್ಧಕ್ಕೆ ನಿಂತ ಉತ್ತರವನ್ನು ಇಲ್ಲಿ ಪೂರ್ತಿ ಮಾಡಲು ಪ್ರಯತ್ನಿಸುತ್ತೇನೆ.

ಶಬ್ದದ ಅರ್ಥ

ಆದೇಶವೆಂದರೆ ಸಾಮಾನ್ಯವಾಗಿ ಅಪ್ಪಣೆ ಎಂದು ನಾವು ತಿಳಿಯುತ್ತೇವೆ. ವ್ಯಾಕರಣದಲ್ಲಿ ಅದಕ್ಕೆ ಬೇರೊಂದು ಅರ್ಥವಿದೆ. ಒಂದರ ಸ್ಥಾನದಲ್ಲಿ ಇನ್ನೊಂದು ಬರುವದೇ ಆದೇಶ. ಎದ್ದುಹೋಗುವದಕ್ಕೆ 'ಸ್ಥಾನಿ' ಎಂದೂ ಬಂದು ಕುಳಿತುಕೊಳ್ಳುವದಕ್ಕೆ 'ಆದೇಶ' ಎಂದೂ ಹೆಸರು.

ಇದನ್ನು ಹೋಲುವ ಬೇರೆ ಶಬ್ದಗಳೂ ಇವೆ. ಹಾಲು ಮೊಸರಾದರೆ ಅದು ಬದಲಾವಣೆ. ಅಲ್ಲಿ ಇದ್ದ ವಸ್ತುವೇ ರೂಪ ಬದಲಿಸಿತು. ಹಾಲಿಲ್ಲದ ಮನೆಯಲ್ಲಿ ಅತಿಥಿಗೆ ಮಜ್ಜಿಗೆ ಕೊಟ್ಟರೆ ಅದು ಬದಲಿ. ನಾನು ನಿಮಗೆ ಹಾಲು ಕೊಟ್ಟು ನೀವು ನನಗೆ ಕಾಳು ಕೊಟ್ಟರೆ ಅದು ವಿನಿಮಯ. ಈ ಮೂರನ್ನು ಒಂದರೊಡನೊಂದು ಬೆರೆಸಬಾರದು. ನಮ್ಮ ಜತ್ತ ತಾಲೂಕಿನಲ್ಲಿಯಂತೂ "ಮಾಸ್ತರದು ಬದ್ಲಿ ಆತು" ಎಂದರೆ ವರ್ಗಾವಣೆ ಎಂದೇ ಅರ್ಥ. ಇದು ಮರಾಠಿಯ ನೆರೆಹೊರೆಯಿಂದ ಬಂದ ಬಳಕೆ.

ಇನ್ನೊಂದು ವಿನೋದವನ್ನು ನೋಡಿರಿ. 'ಬದಲು' ಎಂಬುದು ಮೂಲತಃ ಅರಬ್ಬಿ ಭಾಷೆಯ ಶಬ್ದ. ಅದಕ್ಕೆ ಮೊದಲು ಈ ಅರ್ಥದಲ್ಲಿ ಕನ್ನಡದ್ದೇ ಆದ 'ಮಾರು' ಎಂಬ ಮಾತಿತ್ತು. ಮಾರುವೇಷ, ಮಾರುತ್ತರ, ಮಾರ್ಪಾಡು ಎಂಬ ಶಬ್ದಗಳಲ್ಲಿ ಅದು ಇಂದಿಗೂ ಉಳಿದಿದೆ. ಅಂದಮೇಲೆ 'ಬದಲು' ಎಂಬ ಶಬ್ದವೇ ಇನ್ನೊಂದರ ಬದಲಿಗೆ ಬಂದದ್ದು!

ವ್ಯಾಕರಣ ಕಲಿಸುವ ಪಾಠ

ಸಂಧಿಯಲ್ಲಿ ಹೊಸ ಅಕ್ಷರವೊಂದು ಬಂದು ಪಕ್ಕದಲ್ಲಿ ಕುಳಿತರೆ ಅದು ಆಗಮ. ಇದ್ದ ಅಕ್ಷರವನ್ನು ಎಬ್ಬಿಸಿ ಅದರ ಜಾಗದಲ್ಲಿಯೇ ಕುಳಿತರೆ ಅದು ಆದೇಶ. ಆದ್ದರಿಂದಲೇ ಹಿಂದಿನ ಪಂಡಿತರು ಆಗಮವು ಗೆಳೆಯನಂತೆ, ಆದೇಶವು ವೈರಿಯಂತೆ ಎಂದು ಹೇಳುತ್ತಿದ್ದರು.

ಮಳೆ + ಕಾಲ = ಮಳೆಗಾಲ. ಬೆಟ್ಟ + ತಾವರೆ = ಬೆಟ್ಟದಾವರೆ. ಕಣ್ + ಪನಿ = ಕಂಬನಿ. ಕ ಹೋಗಿ ಗ ಬಂತು, ತ ಹೋಗಿ ದ ಬಂತು, ಪ ಹೋಗಿ ಬ ಬಂತು. ಇದನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳು ಬಹಳ. ಕ ಹೋದ ಜಾಗಕ್ಕೆ ಗ ಮಾತ್ರ ಏಕೆ, ಬ ಏಕಾಗಬಾರದು ಎಂದು ಕೇಳುವವರು ಕಡಿಮೆ. ಸ್ವಲ್ಪ ಬಾಯಿ ಬಿಟ್ಟು ಉಚ್ಚರಿಸಿ ನೋಡಿರಿ. ಕ ಮತ್ತು ಗ ಎರಡೂ ಕಂಠದಲ್ಲಿ ಹುಟ್ಟುತ್ತವೆ. ತ ಮತ್ತು ದ ಎರಡಕ್ಕೂ ನಾಲಿಗೆ ಹಲ್ಲನ್ನು ಮುಟ್ಟುತ್ತದೆ. ಪ ಮತ್ತು ಬ ಎರಡಕ್ಕೂ ತುಟಿಗಳು ಕೂಡುತ್ತವೆ. ಅಂದರೆ ಹುಟ್ಟುವ ಜಾಗ ಒಂದೇ ಇದ್ದು ದನಿ ಮಾತ್ರ ಮೆತ್ತಗಾಗುತ್ತದೆ. ಹೋದವನ ಸ್ಥಾನಕ್ಕೆ ಅವನ ಹತ್ತಿರದ ಬಂಧುವನ್ನೇ ಕರೆಯಲಾಗಿದೆ.

ಎರಡು ಸಾವಿರ ವರ್ಷಗಳಿಗೂ ಹಿಂದೆ ಪಾಣಿನಿಯು ಸಂಸ್ಕೃತ ವ್ಯಾಕರಣದಲ್ಲಿ ಇದನ್ನೇ ನಿಯಮವಾಗಿ ಹೇಳಿದ್ದಾನೆ: ಆದೇಶವಾಗಿ ಬರಬಲ್ಲವು ಹಲವು ಇದ್ದಾಗ ಸ್ಥಾನಿಗೆ ಅತ್ಯಂತ ಸಮೀಪವಾದದ್ದನ್ನೇ ಆರಿಸಬೇಕು. ಅವನ ಇನ್ನೊಂದು ನಿಯಮ ಇನ್ನೂ ಸ್ವಾರಸ್ಯವಾದದ್ದು. ಆದೇಶವು ಸ್ಥಾನಿಯ ಅಧಿಕಾರವನ್ನು ಪಡೆದು ಅದರಂತೆಯೇ ಕೆಲಸ ಮಾಡುತ್ತದೆ; ಆದರೆ ಕೆಲವು ವಿಷಯಗಳಲ್ಲಿ ಮಾತ್ರ ಹಾಗೆ ತಿಳಿಯಬಾರದು. ಇದನ್ನು ವಿವರಿಸುವಾಗ ಮಹಾಭಾಷ್ಯವನ್ನು ಬರೆದ ಪತಂಜಲಿಯು ಗುರುವಿನ ಮಗನ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಗುರುಪುತ್ರನನ್ನು ಗುರುವಿನಂತೆಯೇ ಕಾಣಬೇಕು. ಆದರೆ ಗುರುವಿನ ಎಂಜಲನ್ನು ಪ್ರಸಾದವೆಂದು ಉಣ್ಣುವದು, ಪಾದ ಹಿಡಿಯುವದು ಇವೆರಡನ್ನು ಬಿಟ್ಟು. ಎಷ್ಟು ಸೂಕ್ಷ್ಮವಾದ ಮಾತು! ಬದಲಿಗೆ ಬಂದವನಿಗೆ ಗೌರವವಿದೆ, ಅಧಿಕಾರವಿದೆ, ಒಂದು ಗಡಿಯೂ ಇದೆ. ಆ ಗಡಿ ಎಲ್ಲಿ ಬೀಳುತ್ತದೆ ಎಂಬುದನ್ನು ತಿಳಿಯುವದೇ ನಿಜವಾದ ಜಾಣತನ.

ಗಣಿತದಲ್ಲಿ

ಆ ದಿನ ಹಲಗೆಯ ಮೇಲಿದ್ದ ಲೆಕ್ಕ ಇಂಥದು. ಒಂದು ಚೀಲ ಕಡಲೆಯ ಬೆಲೆ ಒಂದು ಚೀಲ ಜೋಳದ ಬೆಲೆಗಿಂತ 2000 ರೂಪಾಯಿ ಹೆಚ್ಚು. 3 ಚೀಲ ಜೋಳ ಮತ್ತು 2 ಚೀಲ ಕಡಲೆಗೆ ಒಟ್ಟು 19,000 ರೂಪಾಯಿ. ಹಾಗಾದರೆ ಒಂದೊಂದರ ಬೆಲೆ ಎಷ್ಟು?

ಜೋಳದ ಬೆಲೆಯನ್ನು 'ಜೋ' ಎನ್ನೋಣ. ಕಡಲೆಯ ಬೆಲೆ ಜೋ + 2000. ಕಡಲೆ ಎಂಬ ತಿಳಿಯದ ಸಂಖ್ಯೆಯ ಸ್ಥಾನದಲ್ಲಿ ಜೋಳದ ಭಾಷೆಯಲ್ಲಿ ಹೇಳಿದ ಅದರ ಸಮಾನ ಬೆಲೆಯನ್ನು ಇಡುವದೇ ಆದೇಶ ವಿಧಾನ. ಎರಡು ಗುಟ್ಟುಗಳಲ್ಲಿ ಒಂದು ಮಾಯವಾಗುತ್ತದೆ. ಉಳಿದ ಒಂದನ್ನು ಬಿಡಿಸುವದು ಸುಲಭ.

ನಾನು ಹುರುಪಿನಿಂದ ಹಲಗೆಯ ಮೇಲೆ 3ಜೋ + 2ಜೋ + 2000 = 19,000 ಎಂದು ಬರೆದು ಜೋಳಕ್ಕೆ 3400 ರೂಪಾಯಿ ಎಂದು ಉತ್ತರ ತೆಗೆದೆ. ಮುಂದಿನ ಸಾಲಿನ ಆ ಹುಡುಗಿಯೇ ತಾಳೆ ನೋಡಿ ಹೇಳಿದಳು: "ಸರ್, ಒಟ್ಟು 21,000 ಆಗತೈತ್ರಿ."

ತಪ್ಪು ನನ್ನದೇ. ಕಡಲೆ ಎರಡು ಚೀಲ. ಆದ್ದರಿಂದ ಅದರ ಬದಲಿಗೆ ಬಂದ 'ಜೋ + 2000' ಇಡಿಯಾಗಿ ಎರಡು ಸಲ ಬರಬೇಕು. ಅದನ್ನು ಆವರಣದಲ್ಲಿ ಇಟ್ಟು 2(ಜೋ + 2000) ಎಂದು ಬರೆಯಬೇಕಿತ್ತು. ಆಗ 5ಜೋ + 4000 = 19,000; ಜೋಳಕ್ಕೆ 3000, ಕಡಲೆಗೆ 5000 ರೂಪಾಯಿ. ತಾಳೆ ನೋಡಿದರೆ 9000 + 10,000 = 19,000. ಸರಿ.

ಈ ಸಣ್ಣ ತಪ್ಪು ನನಗೆ ದೊಡ್ಡ ಪಾಠವಾಯಿತು. ಬದಲಿಗೆ ಬಂದವನು ಮೊದಲಿನವನ ಹೆಗಲ ಮೇಲಿದ್ದ ಭಾರವನ್ನು ಪೂರ್ತಿ ಹೊರಬೇಕು. ಅರ್ಧ ಹೊತ್ತು ಅರ್ಧ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಜೊತೆಗೆ, ಬದಲಿ ಮಾಡಿದ ಮೇಲೆ ತಾಳೆ ನೋಡದೆ ಬಿಡಬಾರದು.

ದ್ರಾಕ್ಷಿಯ ತೋಟದಲ್ಲಿ

ನಿಮ್ಮಲ್ಲಿ ಹಲವರ ಮನೆಯಲ್ಲಿ ದ್ರಾಕ್ಷಿ ಇಲ್ಲವೆ ದಾಳಿಂಬೆಯ ತೋಟವಿದೆ. ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣವನ್ನು ಬೇರೆಬೇರೆ ನೀರಿನಲ್ಲಿ ಕಲಸಿ ಕೂಡಿಸಿದ ಬೋರ್ಡೋ ದ್ರಾವಣವನ್ನು ಹೊಡೆಯುವದನ್ನು ನೋಡಿದ್ದೀರಿ. ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸುವದಿಲ್ಲ. ಏಕೆ?

ಪ್ರಯೋಗಶಾಲೆಯಲ್ಲಿ ಮೈಲುತುತ್ತದ ನೀಲಿ ನೀರಿನಲ್ಲಿ ಉಜ್ಜಿ ತೊಳೆದ ಕಬ್ಬಿಣದ ಮೊಳೆಯನ್ನು ಅರ್ಧ ತಾಸು ಇಟ್ಟು ನೋಡಿರಿ. ಮೊಳೆಯ ಮೇಲೆ ಕೆಂಪು ತಾಮ್ರದ ಪದರು ಕೂಡುತ್ತದೆ; ನೀರಿನ ನೀಲಿ ಬಣ್ಣ ಕಡಿಮೆಯಾಗುತ್ತದೆ. ಕಬ್ಬಿಣವು ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲವಾದ ಧಾತು. ಅದು ದ್ರಾವಣಕ್ಕೆ ಇಳಿದು ತಾಮ್ರವನ್ನು ಹೊರಗೆ ಹಾಕುತ್ತದೆ. ವಿಜ್ಞಾನದಲ್ಲಿ ಇದಕ್ಕೆ ಸ್ಥಾನಪಲ್ಲಟ ಕ್ರಿಯೆ ಎನ್ನುತ್ತಾರೆ. ಕಬ್ಬಿಣದ ಪಾತ್ರೆಯಲ್ಲಿ ಕಲಸಿದರೆ ಎಲೆಗೆ ಸೇರಬೇಕಾದ ತಾಮ್ರ ಪಾತ್ರೆಗೆ ಅಂಟುತ್ತದೆ, ಪಾತ್ರೆಯೂ ಸವೆಯುತ್ತದೆ. ಅನುಭವಸ್ಥ ರೈತರು ಇದೇ ಗುಣವನ್ನು ಪರೀಕ್ಷೆಗೆ ಬಳಸುತ್ತಾರೆ. ತಯಾರಾದ ದ್ರಾವಣದಲ್ಲಿ ಚಾಕುವಿನ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಬಣ್ಣ ಕಂಡರೆ ಸುಣ್ಣ ಕಡಿಮೆಯಾಗಿದೆ ಎಂದು ಅರ್ಥ; ಹಾಗೆಯೇ ಹೊಡೆದರೆ ಎಲೆ ಸುಡುತ್ತದೆ.

ಇದೇ ಪ್ರಯೋಗವನ್ನು ತಿರುಗಿಸಿ, ಕಬ್ಬಿಣದ ಲವಣದ ನೀರಿನಲ್ಲಿ ತಾಮ್ರದ ತಂತಿಯನ್ನು ಇಟ್ಟರೆ ಏನೂ ಆಗುವದಿಲ್ಲ. ಆ ಸ್ಥಾನಕ್ಕೆ ಈ ಧಾತು ಬರಬಲ್ಲದೆಂದಮಾತ್ರಕ್ಕೆ ಈ ಸ್ಥಾನಕ್ಕೆ ಆ ಧಾತು ಬರಬಲ್ಲದೆಂದು ತಿಳಿಯಬಾರದು.

ಪೇಟೆಯಲ್ಲಿ

1957ರ ಏಪ್ರಿಲ್ 1ರಂದು ಭಾರತದಲ್ಲಿ ಆಣೆಯ ಸ್ಥಾನಕ್ಕೆ ಹೊಸ ಪೈಸೆ ಬಂತು. ಅದುವರೆಗೆ ರೂಪಾಯಿಗೆ 16 ಆಣೆ. ಆ ದಿನದಿಂದ 100 ಪೈಸೆ. ನಾಲ್ಕಾಣೆಗೆ ಸರಿಯಾಗಿ 25 ಪೈಸೆ, ಎಂಟಾಣೆಗೆ 50. ಆದರೆ ಒಂದು ಆಣೆಗೆ? ಲೆಕ್ಕ ಹಾಕಿದರೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವಿರಲಿಲ್ಲವಾದ್ದರಿಂದ ಒಂದು ಆಣೆಗೆ 6 ಪೈಸೆ ಎಂದು ಹಿಡಿಯಲಾಯಿತು. ನಾಲ್ಕು ಸಲ ಒಂದೊಂದೇ ಆಣೆಯನ್ನು ಬದಲಿಸಿಕೊಂಡವನಿಗೆ 24 ಪೈಸೆ. ಒಮ್ಮೆಲೆ ನಾಲ್ಕಾಣೆಯನ್ನು ಬದಲಿಸಿಕೊಂಡವನಿಗೆ 25. ಬಡವನು ಚಿಲ್ಲರೆಯಲ್ಲಿ ಬದುಕುವವನು. ಹೀಗೆ ಸಣ್ಣ ಬದಲಿಯಲ್ಲಿ ಉಳಿಯುವ ಕಾಲು ಪೈಸೆಯ ವ್ಯತ್ಯಾಸ ಅವನ ಪಾಲಿಗೇ ಬರುತ್ತದೆ.

ತೂಕಕ್ಕೂ ಇದೇ ಮಾತು. 80 ತೊಲದ ಸೇರಿನ ಸ್ಥಾನಕ್ಕೆ 1958ರಿಂದ ಹಂತಹಂತವಾಗಿ ಕಿಲೋಗ್ರಾಂ ಬಂತು. ಒಂದು ಸೇರು ಎಂದರೆ ಸುಮಾರು 933 ಗ್ರಾಂ. ಸೇರಿನ ಬೆಲೆಗೇ ಕಿಲೋ ಕೊಟ್ಟರೆ ಅಂಗಡಿಯವನಿಗೆ 67 ಗ್ರಾಂ ನಷ್ಟ. ಕಿಲೋದ ಬೆಲೆ ತೆಗೆದುಕೊಂಡು ಸೇರು ಅಳೆದರೆ ಗಿರಾಕಿಗೆ ನಷ್ಟ. ಹೆಸರು ಬದಲಾದರೆ ಸಾಲದು, ಬೆಲೆಯೂ ಅದಕ್ಕೆ ತಕ್ಕಂತೆ ಬದಲಾಗಬೇಕು.

ಆಣೆ ಹೋಯಿತು. 25 ಪೈಸೆಯ ನಾಣ್ಯವೂ 2011ರ ಜೂನ್ 30ರೊಂದಿಗೆ ಚಲಾವಣೆಯಿಂದ ಹೋಯಿತು. ಆದರೂ ನಮ್ಮ ಹಿರಿಯರು ಇನ್ನೂ "ಹದಿನಾರಾಣೆ ಖರೆ" ಎನ್ನುತ್ತಾರೆ. ವಸ್ತುವಿಗೆ ಬದಲಿ ಸಿಕ್ಕಿತು, ಮಾತಿಗೆ ಸಿಗಲಿಲ್ಲ. "ನೂರು ಪೈಸೆ ಖರೆ" ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಅಡಿಗೆಮನೆ ಮತ್ತು ಬರಗಾಲ

ಅಡಿಗೆಮನೆಯಲ್ಲಿ ತಾಯಂದಿರು ದಿನಾಲೂ ಆದೇಶ ಮಾಡುತ್ತಾರೆ. ಹುಣಸೆಹಣ್ಣು ಇಲ್ಲದಿದ್ದರೆ ಸಾರಿಗೆ ನಿಂಬೆಯ ಹುಳಿ, ಸಕ್ಕರೆ ಇಲ್ಲದಿದ್ದರೆ ಬೆಲ್ಲ. ಆದರೆ ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಹಾಲು ಒಡೆಯುವ ಭಯವಿದೆಯೆಂದು ಅವರಿಗೆ ಗೊತ್ತು. ಸಿಹಿಯ ಮಟ್ಟಿಗೆ ಬೆಲ್ಲ ಸಕ್ಕರೆಗೆ ಸಮ. ಹಾಲಿನ ಮಟ್ಟಿಗೆ ಸಮವಲ್ಲ. ಪಾಣಿನಿಯನ್ನು ಓದದೆಯೇ ಅವರು ಆ ಗಡಿಯನ್ನು ಬಲ್ಲರು.

1972ರ ಬರಗಾಲದ ಕಥೆಯನ್ನು ನಿಮ್ಮ ಅಜ್ಜ ಅಜ್ಜಿಯರಿಂದ ಕೇಳಿರಬಹುದು. ಹೊಲದಲ್ಲಿ ಕಾಳಿರಲಿಲ್ಲ. ನಮ್ಮ ಬಿಳಿ ಮಾಲದಂಡಿ ಜೋಳದ ಸ್ಥಾನಕ್ಕೆ ಮಹಾರಾಷ್ಟ್ರದ ರೇಶನ್ ಅಂಗಡಿಗಳಲ್ಲಿ ಅಮೇರಿಕೆಯಿಂದ ಬಂದ ಕೆಂಪು ಮಿಲೋ ಜೋಳ ಸಿಗುತ್ತಿತ್ತು. ಹೊಲದ ಕೆಲಸದ ಸ್ಥಾನಕ್ಕೆ ಖಡಿ ಒಡೆಯುವದು, ರಸ್ತೆ, ಕೆರೆಯ ಕೆಲಸ ಬಂತು; ಆ ಯೋಜನೆಯೇ ಮುಂದೆ 1977ರಲ್ಲಿ ರಾಜ್ಯದ ಉದ್ಯೋಗ ಖಾತ್ರಿ ಕಾಯದೆಯಾಯಿತು. ಆ ಕೆಂಪು ರೊಟ್ಟಿಯ ರುಚಿಯನ್ನು ನೆನೆದು ಹಿರಿಯರು ಇಂದಿಗೂ ಮುಖ ಕಿವಿಚುತ್ತಾರೆ, ಆದರೆ ಅದನ್ನು ಬೈಯುವದಿಲ್ಲ. "ಅದು ಜೀವಾ ಉಳಿಸಿತಪ್ಪಾ" ಎನ್ನುತ್ತಾರೆ. ರುಚಿಗೆ ಅದು ಸಮವಾಗಿರಲಿಲ್ಲ, ಹಸಿವೆಗೆ ಸಮವಾಗಿತ್ತು. ಮಳೆ ಬಂದು ನಮ್ಮ ಜೋಳ ಬೆಳೆದ ಕೂಡಲೆ ಅದು ಸ್ಥಾನ ಬಿಟ್ಟುಹೋಯಿತು. ಒಳ್ಳೆಯ ಬದಲಿಯ ಲಕ್ಷಣಗಳಲ್ಲಿ ಇದೂ ಒಂದು: ಕೆಲಸ ಮುಗಿದ ಮೇಲೆ ಎದ್ದುಹೋಗುವದು.

ಹಬ್ಬದ ಬದಲಿ ಬೇರೆಯೇ ರೀತಿಯದು. ದಸರೆಯ ದಿನ ನಾವು ಬನ್ನಿಯ ಎಲೆ ಕೊಟ್ಟು "ಬಂಗಾರದಂಗ ಇರೂಣು" ಎನ್ನುತ್ತೇವೆ. ನಮ್ಮ ಮರಾಠಿ ನೆರೆಯವರು ಆಪಟಾ ಎಲೆಯನ್ನೇ ಬಂಗಾರವೆಂದು ಹಂಚುತ್ತಾರೆ. ಎಲೆಯನ್ನು ಅಕ್ಕಸಾಲಿಗನ ಬಳಿ ಒಯ್ದರೆ ಬೆಲೆ ಬಾರದು. ಆದರೆ ಅಲ್ಲಿ ಬೇಕಾದದ್ದು ಲೋಹವಲ್ಲ, ಸ್ನೇಹ. ಅದಕ್ಕೆ ಎಲೆ ಪೂರ್ತಿ ಸಮವಾಗಿದೆ.

ನೀರಿಗೆ ನೀರು

ನಮ್ಮ ತಾಲೂಕಿಗೆ ಮಳೆಯ ನೆರಳು ಬಿದ್ದಿದೆ. ಬೇಸಿಗೆಯಲ್ಲಿ ಬಾವಿಯ ಸ್ಥಾನವನ್ನು ಟ್ಯಾಂಕರ್ ತುಂಬುತ್ತದೆ. ಕೊಡ ತುಂಬುವ ಮಟ್ಟಿಗೆ ಅದು ಬದಲಿ. ದನಕರು, ಹಿತ್ತಲ ಗಿಡಗಳ ಮಟ್ಟಿಗೆ ಅಲ್ಲ.

2019ರಲ್ಲಿ ಎರಡು ರಾಜ್ಯಗಳ ನಡುವೆ ನೀರಿಗೆ ನೀರು ಕೊಡುವ ಮಾತುಕತೆ ನಡೆಯಿತು. ಬೇಸಿಗೆಯಲ್ಲಿ ಮಹಾರಾಷ್ಟ್ರವು ಮೇಲಿನಿಂದ ಕೃಷ್ಣೆಗೆ ನೀರು ಬಿಡಬೇಕು. ಅದರ ಬದಲಿಗೆ ಕರ್ನಾಟಕವು ತನ್ನ ತುಬಚಿ-ಬಬಲೇಶ್ವರ ಏತ ನೀರಾವರಿಯ ಮೂಲಕ ಜತ್ತದ ಗಡಿಯ ಹಳ್ಳಿಗಳಿಗೆ ನೀರು ಕೊಡಬೇಕು ಎಂಬುದು ಅದರ ಸಾರ. ಕೊಟ್ಟ ನೀರೇ ತಿರುಗಿ ಬರುವದಿಲ್ಲ, ಅಷ್ಟೇ ಪ್ರಮಾಣದ ಬೇರೆ ನೀರು ಬರುತ್ತದೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,800 ಕೋಟಿ ಲೀಟರ್. ಲೆಕ್ಕದಲ್ಲಿ ಒಂದು ಟಿ.ಎಂ.ಸಿ.ಗೆ ಒಂದು ಟಿ.ಎಂ.ಸಿ. ಸಮ. ಆದರೆ ನದಿಯ ಪಾತ್ರದಲ್ಲಿ ಇಂಗುವ ನೀರು, ಕಾಲುವೆಯಲ್ಲಿ ಆರುವ ನೀರು, ಎತ್ತರಕ್ಕೆ ಏರಿಸಲು ಬೇಕಾಗುವ ವಿದ್ಯುತ್ತು ಇವೂ ಆ ಆವರಣದ ಒಳಗೇ ಬರಬೇಕು. ಏಪ್ರಿಲ್ ತಿಂಗಳಿನಲ್ಲಿ ಬೇಕಾದ ನೀರಿಗೆ ಆಗಸ್ಟಿನ ನೀರು ಬದಲಿಯಲ್ಲ ಎಂಬುದನ್ನು ಸಂಖದ ಇಲ್ಲವೆ ಉಮದಿಯ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ.

ನಮ್ಮ ಶಾಲೆಯ ಮಾತು

1948ರಲ್ಲಿ ಜತ್ತ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮುಂದೆ ಜಿಲ್ಲೆಗೆ ದಕ್ಷಿಣ ಸಾತಾರಾ ಎಂದು ಹೆಸರಾಯಿತು. 1960ರಲ್ಲಿ ಅದರ ಸ್ಥಾನಕ್ಕೆ ಸಾಂಗಲಿ ಎಂಬ ಹೆಸರು ಬಂತು. ಫಲಕಗಳು ಬದಲಾದವು, ಮನೆಯ ಮಾತು ಬದಲಾಗಲಿಲ್ಲ. ಆದ್ದರಿಂದಲೇ ಮಹಾರಾಷ್ಟ್ರದಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿಯು ನಮಗಾಗಿ ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಮುದ್ರಿಸುತ್ತದೆ. ಮರಾಠಿಯ ಸ್ಥಾನದಲ್ಲಿ ಕನ್ನಡ ಬಂದರೂ ತ್ರಿಕೋನದ ಮೂರು ಕೋನಗಳ ಮೊತ್ತ 180 ಅಂಶವೇ. ಇದು ಸರಿಯಾದ ಆದೇಶ. ಭಾಷೆ ಬದಲಾಯಿತು, ಪಾಠದ ಭಾರ ಪೂರ್ತಿ ಉಳಿಯಿತು.

ಇನ್ನೊಂದು ಉದಾಹರಣೆಯನ್ನೂ ಹೇಳಬೇಕು. 2024ರಲ್ಲಿ ನಮ್ಮ ತಾಲೂಕಿನ ಕೆಲವು ಕನ್ನಡ ಪ್ರಾಥಮಿಕ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರು ನೇಮಕವಾದ ಸಂಗತಿ ಪತ್ರಿಕೆಗಳಲ್ಲಿ ಬಂದು ಗಡಿಯ ಎರಡೂ ಕಡೆ ಚರ್ಚೆಯಾಯಿತು. ಆ ಶಿಕ್ಷಕರಲ್ಲಿ ದೋಷವಿಲ್ಲ. ಮರಾಠಿ ಶಾಲೆಯಲ್ಲಿ ಅವರು ಉತ್ತಮ ಗುರುಗಳೇ ಆಗುತ್ತಾರೆ. ಹಾಜರಿ ಪುಸ್ತಕದ ಮಟ್ಟಿಗೆ ಒಬ್ಬ ಶಿಕ್ಷಕನಿಗೆ ಇನ್ನೊಬ್ಬ ಶಿಕ್ಷಕ ಸಮ. ಆದರೆ ಒಂದನೆಯ ಇಯತ್ತೆಯ ಮಗು "ನೀರಡಿಕಿ ಆಗೈತ್ರಿ" ಎಂದಾಗ ಅದು ಏನು ಹೇಳುತ್ತಿದೆ ಎಂದು ತಿಳಿಯದವರು ಆ ಸ್ಥಾನವನ್ನು ತುಂಬಬಲ್ಲರು, ಆ ಕೆಲಸವನ್ನು ತುಂಬಲಾರರು. ಕನ್ನಡದ ಮಗುವನ್ನು ಮರಾಠಿ ಶಾಲೆಯಲ್ಲಿ, ಮರಾಠಿಯ ಮಗುವನ್ನು ಕನ್ನಡ ಶಾಲೆಯಲ್ಲಿ ಕೂರಿಸಿ ನೋಡಿದರೆ ಯಾರಿಗಾದರೂ ಇದು ತಿಳಿಯುತ್ತದೆ. ಕ ಹೋದಲ್ಲಿ ಗ ಬರಬೇಕೆಂದು ನಿಯಮ ಮಾಡಿದ ನಾಡಿನಲ್ಲಿ ಇಷ್ಟು ಸಾಮೀಪ್ಯವನ್ನು ಕೇಳುವದು ಹೆಚ್ಚಿನ ಬೇಡಿಕೆಯಲ್ಲ.

ಕೊನೆಯ ಮಾತು

ಆದ್ದರಿಂದ ಮಿತ್ರರೆ, ಒಂದರ ಬದಲಿಗೆ ಇನ್ನೊಂದನ್ನು ತರುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಮೊದಲಿನದು ಆ ಸ್ಥಾನದಲ್ಲಿ ಯಾವ ಕೆಲಸ ಮಾಡುತ್ತಿತ್ತು? ಹೊಸದು ಆ ಕೆಲಸದ ಭಾರವನ್ನು ಪೂರ್ತಿ ಹೊರಬಲ್ಲದೆ? ಯಾವ ವಿಷಯದಲ್ಲಿ ಅದು ಸಮವಲ್ಲ? ಈ ಮೂರಕ್ಕೂ ಉತ್ತರ ಸಿಕ್ಕರೆ ಬದಲಿ ಮಾಡಲು ಹೆದರಬೇಕಾಗಿಲ್ಲ. ಬದಲಿ ಇಲ್ಲದೆ ಲೋಕ ನಡೆಯುವದಿಲ್ಲ. ಇಂದಿನ ಹಿರಿಯರ ಸ್ಥಾನಕ್ಕೆ ನಾಳೆ ನೀವೇ ಬರಬೇಕಾದವರು.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಉಳಿಯಿತು. ಮರುದಿನ ಗಣಿತದ ಶಿಕ್ಷಕರು ಬಂದರು. ಹಲಗೆಯ ಮೇಲೆ ನಾನು ಬರೆದ ತಪ್ಪು ಸಾಲು, ಅದರ ಪಕ್ಕದಲ್ಲಿ ಅವಳು ಹಾಕಿದ ಆವರಣ ಎರಡೂ ಇದ್ದವು. ಅವರು ಅದನ್ನು ಒರಸದೆ ಅಲ್ಲಿಂದಲೇ ಪಾಠ ಮುಂದುವರಿಸಿದರಂತೆ. ನಾನು ವೈರಿಯಾಗಿ ಬಂದು ಯಾರನ್ನೂ ಓಡಿಸಲಿಲ್ಲ; ಒಂದು ತಾಸಿನ ಮಟ್ಟಿಗೆ ಆದೇಶವಾಗಿದ್ದೆ, ಅದೂ ಆವರಣ ಮರೆತ ಆದೇಶ.